ಮೈಸೂರಿಗೆ ಹೋಗಿಬಿಡೋಣ

ಬೆಂಗಳೂರಿನಲ್ಲಿ ಐವತ್ತು ದಾಟಿದ ಇಬ್ಬರು ಸೇರಿದರೆ ಮೊದಲು ಮಂಡಿನೋವಿನ ಮಾತು ಬರುತ್ತದೆ, ಆಮೇಲೆ ಮೈಸೂರಿನದು. "ಇನ್ನೇನು, ರಿಟೈರ್ ಆದ್ಮೇಲೆ ಮೈಸೂರಿಗೆ ಹೋಗಿಬಿಡೋಣ ಅಂತಿದೀವಿ." ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಿಕ್ಕಿಕೊಂಡಾಗ ಇದನ್ನು ಫೋನಿನಲ್ಲಿ ಹೇಳುತ್ತಾರೆ, ಮದುವೆಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುತ್ತಾ ಹೇಳುತ್ತಾರೆ, ಟ್ಯಾಂಕರಿನವನಿಗೆ ದುಡ್ಡು ಎಣಿಸಿ ಕೊಡುತ್ತಾ ತಮಗೆ ತಾವೇ ಹೇಳಿಕೊಳ್ಳುತ್ತಾರೆ. ಕೇಳಿಸಿಕೊಂಡವರು "ಒಳ್ಳೇ ಕೆಲಸ, ನಾವೂ ಅದನ್ನೇ ಯೋಚನೆ ಮಾಡ್ತಿದೀವಿ" ಅನ್ನುತ್ತಾರೆ. ಹತ್ತು ವರ್ಷ ಕಳೆದ ಮೇಲೆ ಅದೇ ಇಬ್ಬರು ಗಾಂಧಿಬಜಾರಿನಲ್ಲಿ ಅವರೆಕಾಯಿ ಮೂಸಿ ನೋಡುತ್ತಾ ಎದುರಾಗುತ್ತಾರೆ. ಯಾರೂ ಯಾರನ್ನೂ "ಇನ್ನೂ ಹೋಗಿಲ್ವಾ?" ಅಂತ ಕೇಳುವುದಿಲ್ಲ. ಅಷ್ಟರಮಟ್ಟಿಗೆ ಬೆಂಗಳೂರಿನವರು ಸಭ್ಯರು.

ನನಗೂ ಈ ಮಾತು ಬಹಳ ಕಾಲ ಆರಾಮಾಗಿತ್ತು. ಕೆಲಸದಲ್ಲಿರುವವನು ಊರು ಬಿಡುತ್ತೇನೆ ಅಂದರೆ ಅಪಾಯವೇನೂ ಇಲ್ಲ. ನಿವೃತ್ತಿಯಾದದ್ದೇ ತಡ, ಭಾವಮೈದನಿಂದ ಹಿಡಿದು ಪೇಪರ್ ಹುಡುಗನವರೆಗೆ ಎಲ್ಲರೂ ಕೇಳತೊಡಗಿದರು: "ಯಾವಾಗ ಸಾರ್ ಶಿಫ್ಟಿಂಗು?"

ನಿಜ ಹೇಳಬೇಕೆಂದರೆ ನಮ್ಮಂಥ ಸಂಬಳದ ಕುಟುಂಬಗಳಿಗೆ ಊರು ಬದಲಾಯಿಸಿ ಗೊತ್ತು, ಬದಲಾಯಿಸಬೇಕೋ ಬೇಡವೋ ಎಂದು ತೀರ್ಮಾನಿಸಿ ಗೊತ್ತಿಲ್ಲ. ನಮ್ಮಪ್ಪ ಸರ್ಕಾರಿ ಮೇಷ್ಟ್ರು. ಟ್ರಾನ್ಸ್‌ಫರ್ ಆರ್ಡರ್ ಬಂತೆಂದರೆ ಹಿರಿಯೂರಿನಿಂದ ತರೀಕೆರೆಗೆ, ತರೀಕೆರೆಯಿಂದ ಅರಸೀಕೆರೆಗೆ ಹೊರಟುಬಿಡಬೇಕು. ಲಾರಿಯಲ್ಲಿ ಮಂಚದ ಕಾಲುಗಳ ಮಧ್ಯೆ ಹಾಸಿಗೆ ಸುರುಳಿ, ಅದರ ಮೇಲೆ ನಾವು ಮಕ್ಕಳು. ಮುಂದೆ ಡ್ರೈವರ್ ಪಕ್ಕದಲ್ಲಿ ಅಮ್ಮ, ಅವಳ ತೊಡೆಯ ಮೇಲೆ ಎಣ್ಣೆ ಡಬ್ಬದಲ್ಲಿ ನೆಟ್ಟ ತುಳಸಿ. ಅಪ್ಪನಿಗೆ ತರೀಕೆರೆ ಇಷ್ಟವಾಯಿತೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಅವರನ್ನು ಯಾರೂ ಕೇಳಲಿಲ್ಲ. ಇಷ್ಟವಾಗದಿದ್ದರೆ ಡಿಡಿಪಿಐ ಆಫೀಸನ್ನು ಬೈಯಬಹುದಿತ್ತು. ನನಗೆ ಆ ಸೌಕರ್ಯವಿಲ್ಲ. ಮೈಸೂರಿಗೆ ಹೋಗಿ ಬೇಜಾರಾದರೆ ಬೈಯಲಿಕ್ಕೆ ಮನೆಯಲ್ಲಿ ಇನ್ನೊಬ್ಬರೇ ಇರುವುದು, ಅವರನ್ನು ಬೈಯುವ ಧೈರ್ಯ ನನಗಿಲ್ಲ.

ಮಗ ಸಾಫ್ಟ್‌ವೇರಿನವನು. ಎಕ್ಸೆಲ್ ಶೀಟಿಗೆ ಹಾಕದೆ ಅವನಿಗೆ ಯಾವ ಸಮಸ್ಯೆಯೂ ಕಣ್ಣಿಗೆ ಕಾಣುವುದಿಲ್ಲ. "ಅಪ್ಪ, ಪ್ಲಸ್ಸು ಒಂದು ಕಡೆ ಬರಿ, ಮೈನಸ್ಸು ಒಂದು ಕಡೆ ಬರಿ. ಒಂದೊಂದಕ್ಕೂ ಹತ್ತಕ್ಕೆ ಇಷ್ಟು ಅಂತ ಮಾರ್ಕ್ಸ್ ಹಾಕು. ಕೂಡಿದ್ರೆ ಉತ್ತರ ಬರತ್ತೆ" ಅಂದ. ಅವನು ತನ್ನ ಕಂಪನಿಯಲ್ಲಿ ಕಲಿತ ಹೊಸ ವಿದ್ಯೆ ಅಂದುಕೊಂಡಿದ್ದಾನೆ. 1772ರ ಸೆಪ್ಟೆಂಬರಿನಲ್ಲೇ ಬೆಂಜಮಿನ್ ಫ್ರಾಂಕ್ಲಿನ್ ತನ್ನ ಸ್ನೇಹಿತ ಜೋಸೆಫ್ ಪ್ರೀಸ್ಟ್ಲಿಗೆ ಕಾಗದ ಬರೆದು ಇದೇ ಉಪಾಯ ಹೇಳಿಕೊಟ್ಟಿದ್ದ. ಹಾಳೆಯ ನಡುವೆ ಗೆರೆ ಎಳಿ, ಆ ಕಡೆ ಪರ, ಈ ಕಡೆ ವಿರೋಧ. ಮೂರು ನಾಲ್ಕು ದಿನ ಹೊಳೆದದ್ದನ್ನೆಲ್ಲ ಬರೆ. ಆಮೇಲೆ ಎರಡೂ ಕಡೆ ಸಮ ತೂಕದವನ್ನು ಹೊಡೆದುಹಾಕುತ್ತಾ ಬಾ, ಕೊನೆಗೆ ಉಳಿಯುವುದೇ ತೀರ್ಮಾನ. ಏನು ತೀರ್ಮಾನಿಸಬೇಕು ಅಂತ ನಾನು ಹೇಳಲಾರೆ, ಹೇಗೆ ಅಂತ ಮಾತ್ರ ಹೇಳುತ್ತೇನೆ ಎಂದು ಜಾಣತನದಿಂದ ಮೊದಲೇ ನುಣುಚಿಕೊಂಡಿದ್ದ ಕೂಡ. ಸಲಹೆ ಕೊಡುವವರೆಲ್ಲ ಕಲಿಯಬೇಕಾದ ಪಟ್ಟು.

ವಿಶೇಷವೆಂದರೆ ಪ್ರೀಸ್ಟ್ಲಿಯ ತಾಪತ್ರಯವೂ ಊರು ಬಿಡುವುದೇ ಆಗಿತ್ತು. ಲೀಡ್ಸ್‌ನಲ್ಲಿ ಪಾದ್ರಿಯಾಗಿ ನೆಮ್ಮದಿಯಾಗಿದ್ದ ಸಂಸಾರಸ್ಥ. ಲಾರ್ಡ್ ಶೆಲ್ಬರ್ನ್ ಎಂಬ ದೊಡ್ಡ ಮನುಷ್ಯ ತನ್ನ ಪುಸ್ತಕಭಂಡಾರ ನೋಡಿಕೊಂಡು ಮಕ್ಕಳ ಓದಿನ ಮೇಲೆ ಕಣ್ಣಿಡಲು ಕರೆದಿದ್ದ. ಒಪ್ಪಿಕೊಂಡರೆ ವಿಲ್ಟ್‌ಶೈರಿನ ಸಣ್ಣ ಊರೊಂದಕ್ಕೆ ಹೋಗಬೇಕು. ಯೋಚಿಸಿ ಯೋಚಿಸಿ 1773ರಲ್ಲಿ ಹೋದ. ಮಾರನೆಯ ವರ್ಷ, 1774ರ ಆಗಸ್ಟ್ 1ರಂದು, ಆ ದೊಡ್ಡ ಮನುಷ್ಯನ ಬಂಗಲೆಯಲ್ಲಿ ಸುಡುಗನ್ನಡಿ ಹಿಡಿದು ಪಾದರಸದ ಕೆಂಪು ಭಸ್ಮವನ್ನು ಬಿಸಿಲಿಗೆ ಕಾಯಿಸುವಾಗ ಒಂದು ಗಾಳಿ ಬಂತು. ಅದೇ ಆಮ್ಲಜನಕ. ಪರ, ವಿರೋಧ ಬರೆದ ಹಾಳೆಯಲ್ಲಿ ಪ್ರೀಸ್ಟ್ಲಿ ಎಷ್ಟೇ ತಿಣುಕಿದ್ದರೂ 'ಆಮ್ಲಜನಕ ಸಿಗಬಹುದು' ಅಂತ ಬರೆಯುವ ಹಾಗಿರಲಿಲ್ಲ. ಮುಂದೆ ಬರ್ಮಿಂಗ್‌ಹ್ಯಾಮಿಗೆ ಹೋದ. 1791ರಲ್ಲಿ ಅಲ್ಲಿನ ಜನ ದೊಂಬಿ ಎದ್ದು ಅವನ ಮನೆ ಸುಟ್ಟರು. ಅದೂ ಯಾವ ಹಾಳೆಯಲ್ಲೂ ಇದ್ದಿರಲಾರದು. ಕೊನೆಗೆ 1794ರಲ್ಲಿ ಅಮೆರಿಕಕ್ಕೇ ಹಡಗು ಹತ್ತಿದ. ಪಟ್ಟಿಗಳ ಬಗ್ಗೆ ನನಗೆ ಅನುಮಾನ ಹುಟ್ಟಿದ್ದು ಈ ಕಥೆ ಓದಿದ ಮೇಲೆ.

ಆದರೂ ಮಗನ ಸಮಾಧಾನಕ್ಕೆ ಬರೆದೆ. ಮೊದಲನೆಯದು ನೀರು. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ನಮ್ಮ ಬೀದಿಯವರೆಲ್ಲ ಬಿಂದಿಗೆ ಸ್ನಾನ ಕಲಿತಿದ್ದರು. ಮೈಸೂರಿಗೆ ಕಾವೇರಿ, ಕಬಿನಿ ಎರಡೂ ಪಕ್ಕದಲ್ಲೇ. ಮೈಸೂರಿಗೆ ಹತ್ತಕ್ಕೆ ಒಂಬತ್ತು ಅಂತ ಹಾಕಿ ಹೆಮ್ಮೆಯಿಂದ ನನ್ನ ಹೆಂಡತಿಗೆ ತೋರಿಸಿದೆ. ಅವಳು ಕನ್ನಡಕ ಏರಿಸಿ ನೋಡಿ, "ಅಲ್ಲಾ ರೀ, ಅದೇ ಕಾವೇರಿ ನೂರು ಕಿಲೋಮೀಟರ್ ನಡಕೊಂಡು ನಮ್ಮನೆ ನಲ್ಲಿಗೇ ಬರ್ತಿದಾಳಲ್ಲ, ನಾವ್ಯಾಕೆ ಎದ್ದು ಅವಳ ಹತ್ರ ಹೋಗ್ಬೇಕು?" ಅಂದಳು. ತಪ್ಪು ಹೇಳಲಿಲ್ಲ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಪಂಪು ಮೇಲೆ ಪಂಪು ಇಟ್ಟು ಗುಡ್ಡ ಹತ್ತಿಸಿ ತರುವ ನೀರು ಅದು. 2024ರ ಅಕ್ಟೋಬರಿನಲ್ಲಿ ಐದನೇ ಹಂತವೂ ಶುರುವಾಗಿ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ಬರುವಂತಾಯಿತು. ಒಂಬತ್ತನ್ನು ಆರು ಮಾಡಿದೆ.

ಹವೆಯಲ್ಲೂ ಹಾಗೇ ಆಯಿತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಮೈಸೂರು ಅದಕ್ಕಿಂತ ನೂರೈವತ್ತು ಮೀಟರ್ ಕೆಳಗೆ. ಮೈಸೂರಿನ ಏಪ್ರಿಲ್ ಮಧ್ಯಾಹ್ನ ಕಂಡವರಿಗೆ ವ್ಯತ್ಯಾಸ ಗೊತ್ತು. ಇನ್ನು ಸ್ವಚ್ಛತೆ: 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ದೇಶಕ್ಕೇ ಮೊದಲು ಬಂದ ಊರು, ಮಾತಿಲ್ಲ. ಆಸ್ಪತ್ರೆ: ಜಯದೇವ ಅಲ್ಲೂ ಇದೆ, ಸಮ ಸಮ. ದೋಸೆಗೂ ಒಂದು ಸಾಲು ಮಾಡಿದ್ದೆ. 1943ರಿಂದ ಗಾಂಧಿಬಜಾರಿನಲ್ಲಿ ನಿಂತಿರುವ ವಿದ್ಯಾರ್ಥಿ ಭವನದ ಗರಿಗರಿ ದೋಸೆಗೂ ನಜರ್‌ಬಾದಿನ ಮೈಲಾರಿಯ ಬೆಣ್ಣೆಯಂಥ ದೋಸೆಗೂ ಮಾರ್ಕ್ಸ್ ಹಾಕಲು ಕೂತಾಗ ಕೈ ಬರಲಿಲ್ಲ. ಇದು ಫ್ರಾಂಕ್ಲಿನ್ನನ ಗಣಿತಕ್ಕೆ ನಿಲುಕುವ ವಿಷಯವಲ್ಲವೆಂದು ಆ ಸಾಲನ್ನೇ ಅಳಿಸಿದೆ.

"ದೂರ ಏನಿಲ್ಲ ಬಿಡಿ, ಈಗ ಒಂದೂವರೆ ಗಂಟೆ" ಅನ್ನುವುದು ಎಲ್ಲರೂ ಕೊಡುವ ಧೈರ್ಯ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ 119 ಕಿಲೋಮೀಟರಿನ ದಶಪಥ ಹೆದ್ದಾರಿ ನಿಜಕ್ಕೂ ಓಡುತ್ತದೆ. ಗಣಂಗೂರಿನ ಟೋಲ್ ದಾಟಿದರೆ ಶ್ರೀರಂಗಪಟ್ಟಣ, ಆಮೇಲೆ ಮೈಸೂರೇ. ತೊಂದರೆ ಇರುವುದು ಈ ತುದಿಯಲ್ಲಿ. ಕೆಂಗೇರಿಯಿಂದ ನಾಯಂಡಹಳ್ಳಿ ಮಾರ್ಗವಾಗಿ ಹನುಮಂತನಗರದ ನಮ್ಮ ಮನೆ ಮುಟ್ಟುವುದರೊಳಗೆ ಇನ್ನೊಂದು ಮೈಸೂರಿಗೆ ಹೋಗಿಬರಬಹುದು. ಮೇಲಾಗಿ ಹೊಸ ರಸ್ತೆ ಊರುಗಳನ್ನೆಲ್ಲ ಪಕ್ಕಕ್ಕೆ ತಳ್ಳಿದೆ. ಮೊದಲು ಚನ್ನಪಟ್ಟಣದಲ್ಲಿ ಬುಗುರಿಗಳ ಅಂಗಡಿ ಕಣ್ಣಿಗೆ ಬೀಳುತ್ತಿತ್ತು, ಮದ್ದೂರಿನಲ್ಲಿ ಕೈ ಎಣ್ಣೆ ಮಾಡಿಕೊಂಡು ವಡೆ ತಿನ್ನುತ್ತಿದ್ದೆವು. ಈಗ ಮದ್ದೂರು ಒಂದು ಹಸಿರು ಬೋರ್ಡು. ವಡೆಯಿಲ್ಲದೆ ಮೈಸೂರು ಮುಟ್ಟಿದರೆ ಪ್ರಯಾಣವಾದ ಹಾಗೇ ಅನ್ನಿಸುವುದಿಲ್ಲ. ರೈಲಿನಲ್ಲಿ ಹೋದರೆ ಇವತ್ತಿಗೂ ವಡೆ ಬುಟ್ಟಿ ಬೋಗಿಗೇ ಬರುತ್ತದೆ ಎನ್ನುವುದು ರೈಲಿನ ಪರವಾಗಿ ನನ್ನ ಮೊದಲ ವಾದ.

ಈ ರಸ್ತೆಯಲ್ಲಿ ಸಾಮಾನು ಕಟ್ಟಿಕೊಂಡು ಓಡಾಡಿದವರಲ್ಲಿ ನಾವೇನೂ ಮೊದಲಿಗರಲ್ಲ. ರಾಜಧಾನಿಯೇ ಓಡಾಡಿದೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಗೆದ್ದು ಮೈಸೂರಿನಿಂದ ಗದ್ದುಗೆಯನ್ನು ಅಲ್ಲಿಗೆ ಒಯ್ದರು. 1799ರಲ್ಲಿ ಟಿಪ್ಪು ಮಡಿದ ಮೇಲೆ ಅದು ಮತ್ತೆ ಮೈಸೂರಿಗೆ ಬಂತು. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡು ಕಚೇರಿ ಕಾಗದಪತ್ರವನ್ನೆಲ್ಲ ಬೆಂಗಳೂರಿಗೆ ಸಾಗಿಸಿದರು. ಅರಮನೆ ಅಲ್ಲೇ ಉಳಿಯಿತು. ಇವತ್ತಿಗೂ ಎರಡು ಊರಿನ ಸ್ವಭಾವ ಆ ಪಾಲಿನಂತೆಯೇ ಇದೆ ಅನ್ನಿಸುತ್ತದೆ: ಫೈಲು ಇಲ್ಲಿ, ದಸರಾ ಅಲ್ಲಿ. ರಿಟೈರಾದವನಿಗೆ ಫೈಲಿನ ಹಂಗೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ.

ಅಂತೂ ಒಂದು ಶನಿವಾರ ಮನೆ ನೋಡಲು ಹೋದೆವು. ಕುವೆಂಪುನಗರದಲ್ಲಿ ಬ್ರೋಕರ್ ತೋರಿಸಿದ ಮನೆ ಚೆನ್ನಾಗಿತ್ತು. ಮುಂದೆ ಸಂಪಿಗೆ ಮರ, ಕೆಂಪು ಗಾರೆಯ ನೆಲ, ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು. ನನ್ನ ಹೆಂಡತಿ ಅಡಿಗೆಮನೆ ಕಿಟಕಿ ತೆಗೆದು ಮುಚ್ಚಿ, ನಲ್ಲಿ ತಿರುಗಿಸಿ, ಗೋಡೆಯ ತೇವಕ್ಕೆ ಅಂಗೈ ಒತ್ತಿ ನೋಡಿದಳು. ಮನೆ ಯಜಮಾನರು ನನ್ನ ವಯಸ್ಸಿನವರೇ. ಫಿಲ್ಟರ್ ಕಾಫಿ ಕೊಟ್ಟು, ಬೆಳಗಿನ ಜಾವ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವುದು, ದೊಡ್ಡ ನಂದಿಯ ಹತ್ತಿರ ಕೂತು ಸುಧಾರಿಸಿಕೊಳ್ಳುವುದು, ಭಾನುವಾರ ಸಂಜೆ ಅರಮನೆಗೆ ದೀಪ ಹಾಕುವುದು, ಎಲ್ಲವನ್ನೂ ರಸವತ್ತಾಗಿ ವರ್ಣಿಸಿದರು.

"ಇಷ್ಟು ಒಳ್ಳೇ ಮನೆ ಬಿಟ್ಟು ನೀವೆಲ್ಲಿಗೆ ಹೊರಟಿರಿ?" ಅಂದಳು ನನ್ನ ಹೆಂಡತಿ.

"ಬೆಂಗ್ಳೂರಿಗಮ್ಮ. ಮಗ ಅಲ್ಲೇ ಇದಾನೆ, ವೈಟ್‌ಫೀಲ್ಡಲ್ಲಿ. ಮೊಮ್ಮಗು ನೋಡ್ಕೊಳೋಕೆ ಬಂದ್ಬಿಡಿ ಅಂತಾನೆ. ನಮ್ಮನೇಲಿ ಇವ್ರಿಗೂ ಇಲ್ಲಿ ತುಂಬಾ ಬೇಜಾರಂತೆ."

ಒಳಗಿನಿಂದ ಅವರ ಹೆಂಡತಿ, "ಸಂಜೆ ಎಂಟು ಗಂಟೆಗೆ ಬೀದಿ ಮಲಗಿಬಿಡತ್ತೆ ನೋಡಿ" ಅಂದರು. ಆ ಮಾತನ್ನು ಅವರು ದೂರಿನ ಹಾಗೆ ಹೇಳಿದರು, ನನಗೆ ಅದು ಜಾಹೀರಾತಿನ ಹಾಗೆ ಕೇಳಿಸಿತು.

ಬರುವಾಗ ದೇವರಾಜ ಮಾರುಕಟ್ಟೆಗೆ ಹೋದೆವು. ಅಲ್ಲಿ ಮೈಸೂರು ಮಲ್ಲಿಗೆ ಮಾರುವ ಹೆಂಗಸು ಮೊಳ ಹಾಕುವುದನ್ನು ನನ್ನ ಹೆಂಡತಿ ಕಣ್ಣು ಮಿಟುಕಿಸದೆ ನೋಡಿದಳು. ನಮ್ಮ ಬೀದಿಯ ಹೂವಮ್ಮ ಮೊಳ ಹಾಕುವಾಗ ಮೊಣಕೈ ಮಡಿಸಿ, ಬೆರಳ ತುದಿಗೆ ಬರುವ ಮೊದಲೇ ಕತ್ತರಿಸುತ್ತಾಳೆ. ಈಕೆ ಕೈ ನೀಡಿ, ಬೆರಳು ದಾಟಿ, ಮೇಲೊಂದು ಗೇಣು ಕೊಸರು ಬಿಟ್ಟು ಕೊಟ್ಟಳು. ಕಾರು ಹತ್ತಿದ ಮೇಲೆ ನನ್ನ ಹೆಂಡತಿ "ಊರು ಪರವಾಗಿಲ್ಲ" ಅಂದಳು. ಇಡೀ ಎಕ್ಸೆಲ್ ಶೀಟಿಗೆ ಅವಳಿಂದ ಬರದಿದ್ದ ಮಾರ್ಕ್ಸು ಆ ಒಂದು ಗೇಣಿಗೆ ಬಂತು.

ಮರುಕ್ಷಣವೇ ಇನ್ನೊಂದು ಕಡೆ ತೂಕ ಬಿತ್ತು. "ಆದ್ರೆ ರವಿಕೆ ಯಾರು ಹೊಲೀತಾರೆ?" ನಮ್ಮ ಬೀದಿಯ ಟೈಲರಿಗೆ ಅವಳ ಅಳತೆ ಬರೆದುಕೊಳ್ಳುವ ಅಗತ್ಯವೇ ಇಲ್ಲ. ಹೋದ ವರ್ಷದ್ದಕ್ಕೆ ಎಷ್ಟು ಸೇರಿಸಬೇಕು ಅಂತ ಮುಖ ನೋಡಿ ತಿಳಿದುಕೊಂಡು, ಬಾಯಿಬಿಟ್ಟು ಹೇಳದಿರುವ ದೊಡ್ಡ ಗುಣ ಅವನದು. ಅಂಥವನನ್ನು ಹೊಸ ಊರಿನಲ್ಲಿ ಹುಡುಕಲು ಎಷ್ಟು ರವಿಕೆ ಕೆಡಬೇಕು? ನನ್ನ ಲೆಕ್ಕವೂ ಹಾಗೆಯೇ. ಸಾಲ ಬರೆದುಕೊಳ್ಳುವ ದಿನಸಿ ಅಂಗಡಿಯವನು, ಹಲ್ಲು ಕೀಳದೆ ಉಳಿಸಲು ನೋಡುವ ದಂತವೈದ್ಯರು, ಕೆಂಪಾಂಬುಧಿ ಕೆರೆಯ ಸುತ್ತ ದಿನಾ ಬೆಳಿಗ್ಗೆ ಜೊತೆಗೆ ನಡೆಯುತ್ತಾ ಅದೇ ನಾಲ್ಕು ಕಥೆ ಹೇಳುವ ಗೆಳೆಯರು. ನಾಲ್ಕೂ ನನಗೆ ಬಾಯಿಪಾಠ. ಮೈಸೂರಿನಲ್ಲೂ ಇಂಥವರು ಇದ್ದೇ ಇರುತ್ತಾರೆ, ಆದರೆ ಅವರ ನಾಲ್ಕು ಕಥೆಗೆ ಎಲ್ಲಿ ನಗಬೇಕೆಂದು ಕಲಿಯಲು ನನಗೆ ಈ ವಯಸ್ಸಿನಲ್ಲಿ ಆಗಬೇಕಲ್ಲ.

ಇಲ್ಲಿಗೆ ಮಗನ ಶೀಟು ಕೈಬಿಟ್ಟಿತು. ನೀರು, ರಸ್ತೆ, ಆಸ್ಪತ್ರೆ ಎಂದು ಮಾರ್ಕ್ಸ್ ಹಾಕಬಹುದಾದ ಕಾರಣಗಳಿಂದ ಊರು ಬಿಟ್ಟವರನ್ನು ನಾನಂತೂ ಕಂಡಿಲ್ಲ. ಅವೆಲ್ಲ ಬಿಟ್ಟ ಮೇಲೆ ನೆಂಟರಿಗೆ ಹೇಳಲು ಇಟ್ಟುಕೊಂಡ ಕಾರಣಗಳು. ಎಬ್ಬಿಸುವುದು ಮೊಮ್ಮಗು, ಇಲ್ಲವೇ ಒಬ್ಬರೇ ಉಳಿದ ಅತ್ತಿಗೆ, ಇಲ್ಲವೇ ಒಂದು ಗೇಣು ಮಲ್ಲಿಗೆ. ಆರ್. ಕೆ. ನಾರಾಯಣ್ ಅವರನ್ನೇ ನೋಡಿ. ಮದ್ರಾಸಿನಲ್ಲಿ ಹುಟ್ಟಿ, ಮೈಸೂರಿಗೆ ಬಂದು, ಯಾದವಗಿರಿಯಲ್ಲಿ ಮನಸ್ಸಿಗೆ ಬಂದಂತೆ ಮನೆ ಕಟ್ಟಿಸಿಕೊಂಡವರು. ಮೈಸೂರಿನಲ್ಲಿ ಅವರಿಗಿಂತ ಚೆನ್ನಾಗಿ ನಡೆದಾಡಿದವರು ಕಡಿಮೆ. ಅವರೇ ಕೊನೆಯ ವರ್ಷಗಳನ್ನು ಚೆನ್ನೈನಲ್ಲಿ ಕಳೆದು 2001ರಲ್ಲಿ ಅಲ್ಲೇ ತೀರಿಕೊಂಡರು. ಯಾದವಗಿರಿಯ ಮನೆ ಈಗ ವಸ್ತುಸಂಗ್ರಹಾಲಯ. ಮಾಲ್ಗುಡಿಯನ್ನೇ ಜೇಬಿನಲ್ಲಿಟ್ಟುಕೊಂಡವರಿಗೆ ಊರು ಬದಲಾಯಿಸುವುದು ಅಷ್ಟು ಕಷ್ಟವಾಗಿರಲಿಕ್ಕಿಲ್ಲ ಅನ್ನಬಹುದು, ಆದರೆ ಫ್ರಿಜ್ಜು, ಮಂಚ ಅವರಿಗೂ ಇದ್ದಿರಬೇಕು.

ಕೊನೆಗೆ ದಾರಿ ತೋರಿಸಿದ್ದು ಬ್ರೋಕರ್. "ಯಾಕ್ ಸಾರ್ ಅಷ್ಟೊಂದು ಯೋಚನೆ? ಹನ್ನೊಂದು ತಿಂಗಳ ಅಗ್ರಿಮೆಂಟು ತಾನೆ" ಅಂದ. ಒಂದು ವರ್ಷಕ್ಕೆ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕೆಂದು 1908ರ ಕಾಯ್ದೆ ಹೇಳುತ್ತದೆ. ಆ ತಲೆನೋವು ಬೇಡವೆಂದು ಇಡೀ ದೇಶ ಹನ್ನೊಂದು ತಿಂಗಳಿಗೆ ಬರೆಸುತ್ತದೆ. ಕಾನೂನು ತಪ್ಪಿಸಿಕೊಳ್ಳಲು ಹುಟ್ಟಿದ ಈ ಹನ್ನೊಂದು ತಿಂಗಳು ನಮ್ಮಂಥ ಚಂಚಲಚಿತ್ತರಿಗೆ ಎಷ್ಟು ಅನುಕೂಲ ನೋಡಿ! ಬೆಂಗಳೂರಿನ ಮನೆ ಬಿಡುವುದು ಬೇಡ, ಮೈಸೂರಿನದನ್ನು ಹಿಡಿಯೋಣ, ಒಂದು ದಸರಾ, ಒಂದು ಏಪ್ರಿಲ್ ಕಳೆಯಲಿ ಎಂದಾಯಿತು. ಹೆಂಡತಿ ಒಪ್ಪಿದಳು. ಮಗ ಹೊಸ ಶೀಟು ತೆರೆದ. ವೈಟ್‌ಫೀಲ್ಡಿಗೆ ಹೊರಟ ಆ ಯಜಮಾನರು ಅಡ್ವಾನ್ಸು ಇಸಕೊಳ್ಳುವಾಗ ನಮ್ಮ ಟೈಲರಿನ ನಂಬರು ಬರೆದುಕೊಂಡರು.

ಈಗ ಉಳಿದಿರುವುದು ಒಂದೇ ತಕರಾರು. ವೆಟ್ ಗ್ರೈಂಡರ್ ಯಾವ ಊರಿನಲ್ಲಿರಬೇಕು? ನಾನು ಮೈಸೂರು ಅನ್ನುತ್ತೇನೆ, ಅವಳು ಇನ್ನೊಂದು ತಗೊಳ್ಳೋಣ ಅನ್ನುತ್ತಾಳೆ.