ಹೆಸರು ಹೇಳುವ ಶಾಸ್ತ್ರ

ಮಂತ್ರವಾದಿಗಳ ಕತೆ ಓದುವ ಚಟ ನನಗೆ ಹುಡುಗತನದಿಂದಲೂ ಅಂಟಿಕೊಂಡು ಬಂದಿದೆ. ಈ ವಯಸ್ಸಿನಲ್ಲಿ ಉಪನಿಷತ್ತನ್ನು ಓದಬೇಕು, ಅದಾಗದಿದ್ದರೆ ಪೇಟೆಧಾರಣೆಯನ್ನಾದರೂ ಓದಬೇಕು ಎಂದು ಮನೆಯವರು ಸೂಚಿಸುವುದುಂಟು. ನಾನು ಕಿವಿಗೆ ಹಾಕಿಕೊಂಡಿಲ್ಲ. ಡ್ರ್ಯಾಗನ್ನುಗಳನ್ನೂ ಮಾಯದ ಉಂಗುರಗಳನ್ನೂ ನಂಬುವುದು ನನಗೆ ಎಂದೂ ಕಷ್ಟವಾಗಿಲ್ಲ. ಅಂಥ ಪುಸ್ತಕಗಳಲ್ಲಿ ನಂಬಿಕೆ ಮುಗ್ಗರಿಸುವುದು ಪ್ರಣಯದ ಹತ್ತಿರ ಬಂದಾಗ. ರಕ್ಕಸನನ್ನು ಕೊಂದು ಬಂದ ವೀರ, ಕತ್ತಿಯನ್ನು ಒರೆಗೆ ಸೇರಿಸುವ ಮೊದಲೇ, ಜವಳಿ ಅಂಗಡಿಯವನು ಸೀರೆ ಹರವುವಂತೆ ರಾಜಕುಮಾರಿಯ ಮುಂದೆ ತನ್ನ ಹೃದಯವನ್ನು ಹರವಿಬಿಡುತ್ತಾನೆ. ನಾನು ಕಂಡ ಗಂಡಸರಲ್ಲಿ ಇಂಥವನೊಬ್ಬನೂ ಇರಲಿಲ್ಲ.

ಗೆಡ್ ಎಂಬ ಮಂತ್ರವಾದಿ ನನಗೆ ಪ್ರಿಯನಾದದ್ದು ಇದೇ ಕಾರಣಕ್ಕೆ. ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ (1929–2018) ಕಟ್ಟಿದ ‘ಅರ್ಥ್‌ಸೀ’ ಎಂಬ ದ್ವೀಪಗಳ ಲೋಕದವನು ಈತ. ಸಮುದ್ರದ ಗಾಳಿಯನ್ನು ತನ್ನ ಹಾಯಿಗೆ ಕರೆಯಬಲ್ಲ, ಭೂಕಂಪವನ್ನು ಹಿಡಿದು ನಿಲ್ಲಿಸಬಲ್ಲ. ಆದರೆ ಒಬ್ಬ ಹೆಂಗಸಿಗೆ ಒಂದು ಮಾತು ಹೇಳಲು ಅವನಿಗೆ ಇಪ್ಪತ್ತೈದು ವರ್ಷ ಬೇಕಾಯಿತು. ಅದನ್ನು ಬರೆಯಲು ಲೇಖಕಿಗೂ ಹೆಚ್ಚು ಕಡಿಮೆ ಅಷ್ಟೇ ಹಿಡಿಯಿತೆನ್ನಬೇಕು. ಅವರಿಬ್ಬರ ಭೇಟಿಯ ಕತೆ ‘ದಿ ಟೂಂಬ್ಸ್ ಆಫ್ ಆಟುವಾನ್’ ಪುಸ್ತಕವಾದದ್ದು 1971ರಲ್ಲಿ. ಮಾತು ಹೊರಬಿದ್ದ ‘ತೆಹಾನು’ ಬಂದದ್ದು 1990ರಲ್ಲಿ.

ಆ ಲೋಕದ ಒಂದು ಕಟ್ಟಳೆಯನ್ನು ತಿಳಿಯದಿದ್ದರೆ ಈ ತಡವೇಕೆಂಬುದು ಅರ್ಥವಾಗದು. ಅಲ್ಲಿ ಮಂತ್ರವೆಂದರೆ ಹೆಸರು. ಕಲ್ಲಿಗೆ, ಅಲೆಗೆ, ಗಿಡುಗಕ್ಕೆ, ಪ್ರತಿಯೊಂದಕ್ಕೂ ಆದಿಭಾಷೆಯಲ್ಲಿ ಒಂದು ನಿಜನಾಮವುಂಟು. ಅದನ್ನು ಬಲ್ಲವನಿಗೆ ಆ ವಸ್ತು ವಶ. ಗೆಡ್ ಪೆಂಡಾರ್ ದ್ವೀಪದ ಡ್ರ್ಯಾಗನ್ನನ್ನು ಕಟ್ಟಿಹಾಕಿದ್ದು ಅದರ ಹೆಸರು ಹಿಡಿದು. ಆದ್ದರಿಂದ ಅಲ್ಲಿನ ಜನ ತಮ್ಮ ನಿಜನಾಮವನ್ನು ಬಚ್ಚಿಟ್ಟು, ಬಳಕೆಗೆ ಬೇರೊಂದು ಹೆಸರಿಟ್ಟುಕೊಳ್ಳುತ್ತಾರೆ. ಲೋಕಕ್ಕೆಲ್ಲ ಇವನು ‘ಸ್ಪ್ಯಾರೋಹಾಕ್’, ನಮ್ಮ ಮಾತಿನಲ್ಲಿ ಗಿಡುಗ. ಗೆಡ್ ಎಂಬುದು ಅವನಿಗೆ ಹೆಸರಿಟ್ಟ ಗುರು ಓಗಿಯನ್‌ಗೂ ಅವನು ಪ್ರಾಣವನ್ನೇ ಒಪ್ಪಿಸಬಲ್ಲ ಒಬ್ಬಿಬ್ಬರಿಗೂ ಮಾತ್ರ ಗೊತ್ತು.

ಇದು ನಮಗೇನೂ ಪರಕೀಯವಲ್ಲ. ನಮ್ಮ ಮದುವೆಮನೆಗಳಲ್ಲಿ ಹೊಸ ಹೆಣ್ಣನ್ನು ಹೊಸ್ತಿಲಲ್ಲಿ ತಡೆದು, ಗಂಡನ ಹೆಸರು ಹೇಳು ಎಂದು ಪೀಡಿಸುವ ಶಾಸ್ತ್ರವನ್ನು ನೆನೆಯಿರಿ. ಉತ್ತರ ಕರ್ನಾಟಕದ ಕಡೆ ಹೆಸರನ್ನು ಒಡಪಿನಲ್ಲಿ ಅಡಗಿಸಿ ಹೇಳುತ್ತಾರೆ. ನಾಲ್ಕು ಪದಗಳ ನಡುವೆ, ಕೋಸಂಬರಿಯಲ್ಲಿ ಮೆಣಸಿನಕಾಯಿ ಸಿಕ್ಕ ಹಾಗೆ, ಅದು ಥಟ್ಟನೆ ಸಿಕ್ಕುತ್ತದೆ. ಹೆಣ್ಣಿನ ಮುಖ ಕೆಂಪಾಗುತ್ತದೆ, ಎಲ್ಲರೂ ನಗುತ್ತಾರೆ. ಕರಾರುಪತ್ರದಲ್ಲೂ ಮತದಾರರ ಪಟ್ಟಿಯಲ್ಲೂ ಇರುವ ಹೆಸರನ್ನು ಹೇಳಲು ಇಷ್ಟೊಂದು ನಾಚಿಕೆಯೇಕೆಂದು ಕೇಳಿದರೆ ಉತ್ತರವಿಲ್ಲ. ಆ ಕ್ಷಣದಲ್ಲಿ ಆ ಬಾಯಿಂದ ಬಂದಾಗ ಅದು ಬೇರೆಯೇ ಹೆಸರು.

ಲೆ ಗ್ವಿನ್ ಅವರ ಮನೆತನಕ್ಕೂ ಇಂಥ ಹೆಸರಿನ ಕತೆಯೊಂದು ಅಂಟಿಕೊಂಡಿತ್ತು. ಅವರ ತಂದೆ ಆಲ್ಫ್ರೆಡ್ ಕ್ರೋಬರ್ ಮಾನವಶಾಸ್ತ್ರಜ್ಞರು. 1911ರಲ್ಲಿ, ಯಾಹಿ ಎಂಬ ಜನಾಂಗದಲ್ಲಿ ಉಳಿದಿದ್ದ ಕೊನೆಯ ಮನುಷ್ಯ ಕ್ಯಾಲಿಫೋರ್ನಿಯದ ಕಾಡಿನಿಂದ ಹೊರಬಂದ. ಹೆಸರು ಕೇಳಿದರೆ ಹೇಳಲಿಲ್ಲ. ಅವರಲ್ಲಿ ಹಾಗೆ ಹೇಳುವ ಪದ್ಧತಿಯಿರಲಿಲ್ಲ. ಕ್ರೋಬರ್ ಅವನನ್ನು ‘ಇಶಿ’ ಎಂದು ಕರೆದರು. ಅವನ ಭಾಷೆಯಲ್ಲಿ ಅದಕ್ಕೆ ಮನುಷ್ಯ ಎಂದಷ್ಟೇ ಅರ್ಥ. 1916ರಲ್ಲಿ ಅವನು ತೀರಿಕೊಂಡಾಗ ನಿಜವಾದ ಹೆಸರು ಅವನ ಜೊತೆಯೇ ಹೋಯಿತು. ಲೇಖಕಿಯ ತಾಯಿ ಥಿಯೊಡೊರಾ 1961ರಲ್ಲಿ ಆತನ ಜೀವನವನ್ನು ಪುಸ್ತಕವಾಗಿ ಬರೆದರು. ಅರ್ಥ್‌ಸೀಯ ಮೊದಲ ಕಾದಂಬರಿ ಬಂದದ್ದು ಅದಾದ ಏಳು ವರ್ಷಕ್ಕೆ.

ಇರಲಿ, ಗೆಡ್‌ನ ವಿಷಯ. ಮುರಿದ ಉಂಗುರವೊಂದರ ಅರ್ಧಭಾಗವನ್ನು ಹುಡುಕುತ್ತ ಅವನು ಆಟುವಾನ್‌ನ ನೆಲಮಾಳಿಗೆಗೆ ನುಗ್ಗುತ್ತಾನೆ. ಅಲ್ಲಿನ ಪೂಜಾರಿಣಿ ಇನ್ನೂ ಹರೆಯದ ಹುಡುಗಿ. ಐದಾರು ವರ್ಷದವಳಿದ್ದಾಗಲೇ ಅವಳನ್ನು ತಾಯಿಯ ಮಡಿಲಿನಿಂದ ತಂದು, ಹೆಸರು ಕಿತ್ತುಕೊಂಡು, ‘ಅರ್ಹಾ’ ಎಂದು ಕರೆದಿದ್ದರು. ಕತ್ತಲ ಶಕ್ತಿಗಳು ತಿಂದುಬಿಟ್ಟವಳು ಎಂದರ್ಥ. ನಮ್ಮ ಅರ್ಹತೆಗೂ ಅದಕ್ಕೂ ಸಂಬಂಧವಿಲ್ಲ. ಅವಳು ಅವನನ್ನು ಒಳಗೆ ಕೂಡಿಹಾಕುತ್ತಾಳೆ. ಬಾಯಾರಿ ಸಾಯಲಿದ್ದವನಿಗೆ ಕೊಲ್ಲಲು ಮನಸ್ಸಾಗದೆ ನೀರು ಕೊಡುತ್ತಾಳೆ. ಅವನು ಅವಳ ಕಳೆದುಹೋದ ಹೆಸರನ್ನು ಹುಡುಕಿ ಕೊಡುತ್ತಾನೆ: ಟೆನಾರ್. ಆಮೇಲೆ ತನ್ನ ನಿಜನಾಮವನ್ನೂ ಅವಳ ಕೈಗಿಡುತ್ತಾನೆ. ಮೊದಲ ಸಲ ಓದಿದಾಗ ಇದನ್ನು ಉಪಕಾರಕ್ಕೆ ಪ್ರತ್ಯುಪಕಾರವೆಂದು ಓದಿ ಮುಂದೆ ಹೋದೆ. ಈಗ ಅನಿಸುತ್ತದೆ, ಅವನು ಹೇಳಬೇಕಾದ್ದನ್ನೆಲ್ಲ ಹೇಳಿದ್ದು ಅಲ್ಲೇ ಎಂದು. ಹೇಳಿದವನಿಗೂ ಗೊತ್ತಿರಲಿಲ್ಲ, ಕೇಳಿದವಳಿಗೂ ಗೊತ್ತಾಗಲಿಲ್ಲ.

ಬಿಡುಗಡೆಯಾದ ಮೇಲೆ ಅವಳು, ನನ್ನ ಜೊತೆಗಿರುತ್ತೀಯಾ ಎಂಬಂತೆ ಕೇಳುತ್ತಾಳೆ. ನೀನು ಕರೆದರೆ ಗೋರಿಯಿಂದಲಾದರೂ ಎದ್ದುಬಂದೇನು, ಆದರೆ ನಿನ್ನ ಬಳಿ ನಿಲ್ಲಲಾರೆ ಎಂಬ ಭಾವದಲ್ಲಿ ಅವನ ಉತ್ತರ. ಇಂಥ ಉತ್ತರ ಕೇಳಿದ ಹುಡುಗಿ ಏನು ಮಾಡಬೇಕು? ಶಕುಂತಲೆಗಾದರೆ ತಾವರೆಯೆಲೆಯ ಮೇಲೆ ಉಗುರಿನಿಂದ ಬರೆ ಎಂದು ಹುರಿದುಂಬಿಸಲು ಸಖಿಯರಿದ್ದರು. ಟೆನಾರ್‌ಗೆ ಯಾರೂ ಇಲ್ಲ. ಅವಳು ಗಾಂಟ್ ದ್ವೀಪದಲ್ಲಿ ಒಬ್ಬ ರೈತನನ್ನು ಮದುವೆಯಾಗಿ, ಎರಡು ಮಕ್ಕಳನ್ನು ಹೆತ್ತು, ಕಾಲಕ್ರಮದಲ್ಲಿ ವಿಧವೆಯಾಗುತ್ತಾಳೆ. ಗೆಡ್ ಮಂತ್ರವಾದಿಗಳಿಗೆಲ್ಲ ಹಿರಿಯನಾಗುತ್ತಾನೆ. ಆ ಲೋಕದಲ್ಲಿ ಮಂತ್ರವಾದಿಗಳಿಗೆ ಬ್ರಹ್ಮಚರ್ಯ ಕಡ್ಡಾಯ, ಅದನ್ನು ಕಾಯಲು ತಮ್ಮ ಮೇಲೆ ತಾವೇ ಮಂತ್ರ ಹಾಕಿಕೊಳ್ಳುತ್ತಾರೆ. ಇದನ್ನು ಟೆನಾರ್‌ಗೆ ತಿಳಿಸುವವಳು ಹಳ್ಳಿಯ ಒಬ್ಬ ಮಾಟಗಾತಿ, ಅದೂ ಎಷ್ಟೋ ವರ್ಷ ಕಳೆದ ಮೇಲೆ.

ಹೀಗೆ ಬಾಯಿ ಕಟ್ಟಿಕೊಂಡ ಜನ ಮಂತ್ರಲೋಕದಲ್ಲೇ ಇರಬೇಕೆಂದಿಲ್ಲ. ನಮ್ಮ ತಂದೆಯವರು ನಲವತ್ತು ವರ್ಷ ಸಂಸಾರ ಮಾಡಿದರು. ಅಷ್ಟು ಕಾಲವೂ ನಮ್ಮ ತಾಯಿ ಅವರ ಪಾಲಿಗೆ ‘ಲೇ, ಇವಳೇ’. ಒಮ್ಮೆ ಅವರಿಗೆ ಕಣ್ಣಿನ ಶಸ್ತ್ರಚಿಕಿತ್ಸೆಯಾಗಿ ಎರಡು ಕಣ್ಣಿಗೂ ಪಟ್ಟಿ ಕಟ್ಟಿದ್ದರು. ಹತ್ತು ಹಾಸಿಗೆಯ ವಾರ್ಡು. ‘ಇವಳೇ’ ಎಂದು ಕರೆದರೆ ಒಮ್ಮೆ ದಾದಿ ಬಂದಳು, ಇನ್ನೊಮ್ಮೆ ಪಕ್ಕದ ಹಾಸಿಗೆಯವರ ಹೆಂಡತಿ ಬಂದರು. ಮೂರನೆಯ ಸಲ ತಂದೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಗಂಟಲು ಸರಿಮಾಡಿಕೊಂಡು, ತಾಯಿಯ ಹೆಸರು ಹಿಡಿದು ಕರೆದರು. ನಾನು ಕಾಲ್ದೆಸೆಯಲ್ಲಿ ಕೂತಿದ್ದೆ. ಕಾಫಿಯ ಫ್ಲಾಸ್ಕು ಹಿಡಿದು ಬಾಗಿಲಲ್ಲಿ ಬರುತ್ತಿದ್ದ ತಾಯಿ ನಿಂತಲ್ಲೇ ನಿಂತುಬಿಟ್ಟರು. ಅಲ್ಲಿಂದ ಹಾಸಿಗೆಗೆ ಬರಲು ಆರು ಹೆಜ್ಜೆ ಸಾಕು. ಅವರಿಗೆ ಬಹಳ ಹೊತ್ತು ಹಿಡಿಯಿತು. ಪಟ್ಟಿ ಬಿಚ್ಚಿ ಮನೆಗೆ ಬಂದ ಮೇಲೆ ಮತ್ತೆ ‘ಇವಳೇ’ ಶುರುವಾಯಿತು. ಆ ಹೆಸರನ್ನು ಇಲ್ಲಿ ಬರೆಯಲು ನನಗೂ ಮನಸ್ಸು ಬರುತ್ತಿಲ್ಲ.

‘ತೆಹಾನು’ ಓದಿದ ಕೆಲವರಿಗೆ, ಲೇಖಕಿ ಗೆಡ್‌ನ ಮಂತ್ರಶಕ್ತಿಯನ್ನು ಕಿತ್ತುಕೊಂಡರಲ್ಲ ಎಂದು ಅಸಮಾಧಾನವಾಯಿತು. ಸತ್ತವರ ನಾಡಿನವರೆಗೆ ಹೋಗಿ, ಶಕ್ತಿಯನ್ನೆಲ್ಲ ಅಲ್ಲಿ ಚೆಲ್ಲಿ, ಅವನು ಡ್ರ್ಯಾಗನ್ನಿನ ಬೆನ್ನ ಮೇಲೆ ಹೆಣದಂತೆ ಬಂದಿಳಿಯುತ್ತಾನೆ. ಇಳಿಯುವುದು ಟೆನಾರ್ ಇರುವಲ್ಲಿಗೇ. ಗೋರಿಯಿಂದ ಬಂದೇನೆಂದಿದ್ದವನು ಕರೆಯದೆಯೇ ಬಂದ ಹಾಗಾಯಿತು. ಬಂದವನು ಮಾತಾಡುವುದಿಲ್ಲ. ನಾಚಿಕೆಪಟ್ಟು ಬೆಟ್ಟಕ್ಕೆ ಓಡಿಹೋಗಿ ಮೇಕೆ ಕಾಯುತ್ತಾನೆ. ಒಂದು ರಾತ್ರಿ ದುಷ್ಟರು ಅವಳ ಮನೆಗೆ ನುಗ್ಗಲು ಬಂದಾಗ, ಅವರ ಬೆನ್ನು ಹತ್ತಿ ಬಂದು ಹುಲ್ಲು ಎತ್ತುವ ಕವೆಗೋಲಿನಿಂದ ಒಬ್ಬನನ್ನು ತಿವಿಯುತ್ತಾನೆ. ಮಂತ್ರವಿಲ್ಲ, ಬೆಳಕಿನ ದಂಡವಿಲ್ಲ. ಬೆವೆತು ನಡುಗುವ, ನಡುವಯಸ್ಸು ದಾಟಿದ ಮನುಷ್ಯ ಅಷ್ಟೇ. ಲೇಖಕಿ ಮಾಡಿದ್ದು ಸರಿ ಎಂಬುದು ನನ್ನ ಮತ. ಶಕ್ತಿಯಿದ್ದವರೆಗೆ ಅವನಿಗೆ ಎಲ್ಲದರ ಹೆಸರೂ ಗೊತ್ತಿತ್ತು, ಯಾರ ಎದುರೂ ಕೈ ಚಾಚುವ ಅಗತ್ಯ ಬಿದ್ದಿರಲಿಲ್ಲ.

ಕೊನೆಗೆ ಒಲೆಯ ಮುಂದೆ ಕೂತಿರುವಾಗ, ತಾನು ಯಾವ ಹಾಸಿಗೆಯಲ್ಲಿ ಮಲಗಲಿ, ಮಗುವಿನದರಲ್ಲೋ ನಿನ್ನದರಲ್ಲೋ ಎಂದು ಕೇಳುವವಳು ಟೆನಾರ್. ಮಗುವೆಂದರೆ ಅವಳು ಸಾಕುತ್ತಿರುವ, ಮೈ ಸುಟ್ಟ ಹೆಣ್ಣುಮಗು. ನಿನಗೆ ಇಷ್ಟವಾದರೆ ನನ್ನದರಲ್ಲಿ ಎಂಬಷ್ಟೇ ಅವನ ಉತ್ತರ. ಪ್ರೇಮ ಎಂಬ ಮಾತು ಅದರಲ್ಲಿಲ್ಲ. ತನ್ನ ವಿಷಯದಲ್ಲಿ ಸ್ವಲ್ಪ ತಾಳ್ಮೆಯಿರಲಿ ಎಂದು ಅವನು ಬೇಡಿಕೊಂಡರೆ, ಇಪ್ಪತ್ತೈದು ವರ್ಷದಿಂದ ನಾನು ಮಾಡುತ್ತಿರುವುದು ಅದನ್ನೇ ಅಲ್ಲವೇ ಎಂದು ಅವಳು ನಗುತ್ತಾಳೆ.

ಆಮೇಲೆಯೂ ಹಳ್ಳಿಯವರ ಪಾಲಿಗೆ ಅವನು ‘ಹಾಕ್’, ಮೇಕೆ ಕಾಯುವವನು, ಆ ವಿಧವೆಯ ಮನೆಯಲ್ಲಿರುವವನು. ಜನರ ಮುಂದೆ ಟೆನಾರ್ ಕೂಡ ಹಾಗೆಯೇ ಕರೆಯುತ್ತಾಳೆ. ಗೆಡ್ ಎಂದು ಕರೆಯುವುದು ಬಾಗಿಲು ಹಾಕಿಕೊಂಡ ಮೇಲೆ.