ಊರಲ್ಲಿ ಉಳಿದು ಬರೆದವರು

1935ರ ಕೊನೆಯಲ್ಲಿ ಜಪಾನಿನ ಕುಮಾಮೊಟೊ ಪ್ರಾಂತ್ಯದ ಸುಎ ಎಂಬ ಹಳ್ಳಿಗೆ ಅಮೆರಿಕದಿಂದ ಒಂದು ಸಂಸಾರ ಬಂದಿಳಿಯಿತು. ಮಾನವಶಾಸ್ತ್ರಜ್ಞ ಜಾನ್ ಎಂಬ್ರೀ, ಹೆಂಡತಿ ಎಲಾ, ಜೊತೆಗೆ ಪುಟ್ಟ ಮಗಳು. ಎಲಾ ಜಪಾನಿನಲ್ಲೇ ಬೆಳೆದವರು, ಭಾಷೆ ಚೆನ್ನಾಗಿ ಬರುತ್ತಿತ್ತು. ಒಂದು ವರ್ಷ ಅಲ್ಲೇ ಮನೆ ಮಾಡಿಕೊಂಡಿದ್ದರು. 1939ರಲ್ಲಿ ಬಂದ ‘ಸುಎ ಮುರಾ’ ಪುಸ್ತಕ ಆ ವಾಸದ ಫಲ.

ಅದರಲ್ಲಿ ನಾಟಿ ಕಾಲದ ಮುಯ್ಯಾಳು ಇದೆ. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮದಕ್ಕೆ ನೀವು. ಕಷ್ಟಕ್ಕಾಗುವ ಚೀಟಿ ಗುಂಪುಗಳಿವೆ. ನೆರೆಗೆ ಕೊಚ್ಚಿಹೋದ ಮರದ ಸೇತುವೆಯನ್ನು ಎರಡೂ ದಡದ ಕೇರಿಯವರು ಸೇರಿ ಮತ್ತೆ ಕಟ್ಟುವುದಿದೆ, ಕೆಲಸ ಮುಗಿದ ಸಂಜೆ ಅಕ್ಕಿಯಿಂದ ಇಳಿಸಿದ ಶೋಚು ಕುಡಿದು ಕುಣಿಯುವುದಿದೆ. ಹೆಂಗಸರ ಪೋಲಿ ಮಾತು, ಸಿಗರೇಟು, ಜಗಳ, ಓಡಿಹೋದ ಮದುವೆಗಳು ಎಲಾ ಅವರ ದಿನಚರಿಯಲ್ಲಿದ್ದವು. ಅವು 1982ರಲ್ಲಿ ಇನ್ನೊಂದು ಪುಸ್ತಕವಾಗಿ ಬಂದವು. ಗಂಡನ ಪುಸ್ತಕಕ್ಕಿಂತ ನನಗೆ ಅದೇ ಇಷ್ಟ.

ಎಂಬ್ರೀ ಹೋದ ಷಿಕಾಗೋ ವಿಶ್ವವಿದ್ಯಾಲಯದ ಯೋಜನೆಯ ಹಿಂದಿದ್ದವರು ರ್‍ಯಾಡ್‌ಕ್ಲಿಫ್ ಬ್ರೌನ್. ಮುಂದೆ ಅವರೇ ಆಕ್ಸ್‌ಫರ್ಡಿನಲ್ಲಿ ನಮ್ಮ ಎಂ. ಎನ್. ಶ್ರೀನಿವಾಸರಿಗೆ ಗುರುವಾದರು. ಶ್ರೀನಿವಾಸರು 1948ರಲ್ಲಿ ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಬಿಡಾರ ಹೂಡಿದರು, ಅದನ್ನು ರಾಂಪುರ ಎಂದು ಕರೆದರು. ಇಪ್ಪತ್ತೆರಡು ವರ್ಷಗಳ ನಂತರ ಅವರ ಟಿಪ್ಪಣಿಗಳು ಸ್ಟ್ಯಾನ್‌ಫರ್ಡಿನ ಬೆಂಕಿಯಲ್ಲಿ ಸುಟ್ಟುಹೋದಾಗ, ಹೆಚ್ಚಾಗಿ ನೆನಪಿನಿಂದಲೇ ಪುಸ್ತಕ ಬರೆದರು. ಒಬ್ಬ ಗುರುವಿನ ಇಬ್ಬರು ಶಿಷ್ಯರು ಎರಡು ದೇಶದ ಭತ್ತದ ಊರುಗಳನ್ನು ಹೀಗೆ ಕಾಗದಕ್ಕಿಳಿಸಿದರು. ಸುಎ ಈಗ ಪ್ರತ್ಯೇಕ ಗ್ರಾಮಾಡಳಿತವಲ್ಲ. 2003ರಲ್ಲಿ ಸುತ್ತಲಿನ ಊರುಗಳ ಜೊತೆ ಅದನ್ನೂ ಸೇರಿಸಿ ಅಸಾಗಿರಿ ಎಂಬ ಪಟ್ಟಣ ಮಾಡಿದರು. ಆಗ ಸುಮಾರು ಹತ್ತು ವರ್ಷ ದೇಶದಲ್ಲೆಲ್ಲ ನಡೆದ ಇಂಥ ವಿಲೀನದಲ್ಲಿ ಜಪಾನಿನ 3,200ಕ್ಕೂ ಹೆಚ್ಚಿದ್ದ ಸ್ಥಳೀಯ ಆಡಳಿತಗಳು 1,700ರ ಆಸುಪಾಸಿಗೆ ಇಳಿದವು.

ಊರು ಸೊರಗಿದ್ದಕ್ಕೆ ಮರುಗುವವರು ಬೇಕಾದಷ್ಟಿದ್ದಾರೆ. ನನ್ನ ಹಳಹಳಿಕೆ ಇನ್ನೊಂದಕ್ಕೆ. ಊರಿನ ಜೊತೆಗೇ, ಊರಲ್ಲಿ ಉಳಿದು ಊರಿನ ಬಗ್ಗೆ ಬರೆಯುವ ಒಂದು ರೀತಿಯೂ ಹಿಂದೆ ಸರಿಯಿತು.

ಆ ರೀತಿಯನ್ನು ಕೊನೆಯವರೆಗೂ ಬದುಕಿದವರು ಜಾನಪದ ವಿದ್ವಾಂಸ ಮಿಯಾಮೊಟೊ ತ್ಸುನೆಇಚಿ. ಸುಓ ಓಶಿಮಾ ದ್ವೀಪದ ರೈತನ ಮಗ. ಬದುಕಿಡೀ ಜಪಾನನ್ನು ನಡೆದೇ ಅಳೆದರು, ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ ಉಂಡು ಮಲಗಿದರು. 1960ರ ‘ಮರೆತುಹೋದ ಜಪಾನೀಯರು’ ಪುಸ್ತಕದ ಮೊದಲಿಗೇ ತ್ಸುಶಿಮಾ ದ್ವೀಪದ ಇನಾ ಎಂಬ ಹಳ್ಳಿಯ ಸಭೆಯೊಂದು ಬರುತ್ತದೆ. ಇವರು ಊರಿನ ಹಳೆಯ ಕಾಗದಪತ್ರಗಳನ್ನು ಕೆಲವು ದಿನದ ಮಟ್ಟಿಗೆ ಕೇಳಿದ್ದರು. ಊರವರು ಅದಾಗಲೇ ಎರಡು ದಿನದಿಂದ ಕೂತು ಬೇರೆಬೇರೆ ವಿಷಯ ಮಾತಾಡುತ್ತಿದ್ದರು. ಇವರ ಕೋರಿಕೆಯನ್ನು ಯಾರೋ ಎತ್ತಿದರು. ಕೂಡಲೇ ಹೌದು ಎನ್ನಲಿಲ್ಲ, ಇಲ್ಲವೂ ಎನ್ನಲಿಲ್ಲ. ಹಿಂದೆ ಇಂಥ ಕಾಗದ ಕೊಟ್ಟು ಕಳೆದುಕೊಂಡವರ ಕಥೆ ಬಂತು, ಮಾತು ಬೇರೆ ಕಡೆ ಹೊರಳಿತು, ಮತ್ತೆ ತಿರುಗಿ ಬಂತು. ಮನೆಗೆ ಹೋಗಿ ಬರುವವರು ಬಂದರು. ಕೊನೆಗೆ ಈ ಮನುಷ್ಯ ಕೆಟ್ಟವನಂತೆ ಕಾಣುವುದಿಲ್ಲ ಎಂಬಲ್ಲಿಗೆ ಬಂದು ನಿಂತು ಒಪ್ಪಿದರು. ಯಾರೂ ಸೋಲಲಿಲ್ಲ, ಹಾಗಾಗಿ ಮರುದಿನ ಮುಖ ತಿರುಗಿಸಿಕೊಂಡು ಓಡಾಡುವ ಪ್ರಮೇಯವೂ ಇರಲಿಲ್ಲ. ಮಿಯಾಮೊಟೊ ಆ ಕಾಲವನ್ನು ತುಸು ಸಿಹಿ ಮಾಡಿ ಹೇಳಿದ್ದಾರೆ ಎನ್ನುವವರೂ ಇದ್ದಾರೆ. ಇರಬಹುದು. ಕಾಯುವ ವ್ಯವಧಾನವಂತೂ ಅವರಿಗಿತ್ತು.

1990ರ ಸುಮಾರಿಗೆ ಶಿಕೊಕು ದ್ವೀಪದ ಕೋಚಿ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಓನೊ ಅಕಿರಾ ‘ಗೆಂಕಾಯ್ ಶೂರಾಕು’ ಎಂಬ ಮಾತು ತಂದರು, ಕಟ್ಟಕಡೆಯ ಅಂಚಿಗೆ ಬಂದು ನಿಂತ ಊರು. ಅರ್ಧಕ್ಕಿಂತ ಹೆಚ್ಚು ಜನ 65 ದಾಟಿದವರು. ದಾರಿ ರಿಪೇರಿ, ಮದುವೆ, ಸಾವು ಯಾವುದನ್ನೂ ಊರಾಗಿ ನಿಭಾಯಿಸಲು ಕೈ ಸಾಲದವರು. ಓನೊ ಕೂಡ ಬೆಟ್ಟ ಹತ್ತಿ ಮನೆಮನೆ ಸುತ್ತಿದವರೇ. ಅವರು ಅಲೆದ ಗುಡ್ಡಗಾಡಿನ ಓತೊಯೊ ಪಟ್ಟಣದಲ್ಲಿ ಒಂದು ಕಾಲಕ್ಕೆ 20,000 ದಾಟಿದ್ದ ಜನ ಇವತ್ತು 3,000ದ ಆಚೀಚೆ. ಯುದ್ಧಾನಂತರ ಸರ್ಕಾರದ ಮಾತು ಕೇಳಿ ಗುಡ್ಡವೆಲ್ಲ ಸುಗಿ ಎಂಬ ದಿಮ್ಮಿಯ ಮರ ನೆಟ್ಟರು. 1964ರಲ್ಲಿ ಹೊರದೇಶದ ಮರಕ್ಕೆ ಬಾಗಿಲು ಪೂರ್ತಿ ತೆರೆಯಿತು, 1980ರ ನಂತರ ದಿಮ್ಮಿಗೆ ಬೆಲೆಯೇ ಇಲ್ಲ. ಅಷ್ಟರಲ್ಲಿ ಗ್ಯಾಸ್ ಬಂದು ಇದ್ದಿಲು ಸುಡುವವರ ಕಸುಬು ಹೋಗಿತ್ತು. ಮೊಮ್ಮಕ್ಕಳಿಗಾಗಲಿ ಎಂದು ನೆಟ್ಟ ಮರ ಕಡಿಯುವವರಿಲ್ಲದೆ ಮನೆಗೇ ಕತ್ತಲೆ ಕವಿಸಿತು. ಅಲ್ಲಿ ಹುಳಿ ಬರಿಸಿ, ಚೌಕ ಚೌಕವಾಗಿ ಕತ್ತರಿಸಿ ಒಣಗಿಸುವ ಗೊಇಶಿ ಚಹಾ ಒಂದಿದೆ. ಹಿಂದೆ ಒಳಸಮುದ್ರದ ದ್ವೀಪಗಳವರು ಅದನ್ನು ಕೊಂಡು ಗಂಜಿ ಬೇಯಿಸುತ್ತಿದ್ದರು. ಒಂದು ಹಂತದಲ್ಲಿ ಅದನ್ನು ಮಾಡುವ ಮನೆ ಒಂದೇ ಒಂದು ಉಳಿದಿತ್ತು.

ಓನೊ ಹೇಳಿದ್ದು ಎಚ್ಚರಿಕೆ. ಪತ್ರಿಕೆಗಳ ಬಾಯಲ್ಲಿ ಅದು ಜಾತಕವಾಯಿತು. 2014ರಲ್ಲಿ ಇವಾತೆಯ ಮಾಜಿ ಗವರ್ನರ್ ಮಸುದಾ ಹಿರೊಯಾ ನೇತೃತ್ವದ ವರದಿ ಬಂದ ಮೇಲಂತೂ ಹೆಸರುಗಳ ಪಟ್ಟಿಯೇ ಸಿಕ್ಕಿತು: 2040ರೊಳಗೆ 20ರಿಂದ 39ರ ಹೆಂಗಸರ ಸಂಖ್ಯೆ ಅರ್ಧಕ್ಕೆ ಇಳಿಯುವ, ಹಾಗಾಗಿ ಇಲ್ಲವಾಗಬಹುದಾದ 896 ಊರುಗಳು. ಟೋಕಿಯೋದ ತೊಶಿಮಾ ವಾರ್ಡೂ ಅದರಲ್ಲಿತ್ತು. ರಾಜಧಾನಿ ಬೆಚ್ಚಿದ್ದು ಆಗಲೇ ಎಂದು ನನ್ನ ಗುಮಾನಿ. ಲೆಕ್ಕ ತಪ್ಪೆಂದಲ್ಲ. ಆದರೆ ಆ ಪಟ್ಟಿಯಲ್ಲಿ ಹೆಂಗಸರು ಬರೀ ಒಂದು ಅನುಪಾತ. ಸುಎಯ ಹೆಂಗಸರು ಹಾಗಿರಲಿಲ್ಲ.

ಎದುರು ಮಾತಾಡಿದ ವಿದ್ವಾಂಸರೂ ಇದ್ದರು. ಕುಮಾಮೊಟೊ ವಿಶ್ವವಿದ್ಯಾಲಯದ ತೊಕುನೊ ಸದಾವೊ ಊರವರನ್ನೇ ಕೂರಿಸಿ, ಹೊರಗೆ ಹೋದ ಮಕ್ಕಳು ಎಲ್ಲಿದ್ದಾರೆಂದು ಬರೆಸಿದರು. ಕಾರಿನಲ್ಲಿ ಹೊರಟರೆ ಬೇಗ ಮುಟ್ಟುವಷ್ಟು ದೂರದಲ್ಲೇ ಎಷ್ಟೋ ಮಕ್ಕಳಿದ್ದರು, ರಜೆಗೆ ಬಂದು ಗದ್ದೆಗೆ ಇಳಿಯುತ್ತಿದ್ದರು. ಜನಗಣತಿಗೆ ಅವರು ಕಾಣುವುದಿಲ್ಲ. ಹಳೆಯ ರೀತಿಯ ಕಡೆಯ ಕುಡಿಗಳಲ್ಲಿ ಇದೊಂದು.

ಇತಿಹಾಸಕಾರ ಅಮಿನೊ ಯೊಶಿಹಿಕೊ ಅವರ ಕಥೆ ಬೇರೆ. ಯುದ್ಧ ಮುಗಿದ ಹೊಸದರಲ್ಲಿ ಸಂಶೋಧನೆಗೆಂದು ಕರಾವಳಿಯ ಊರುಗಳಿಂದ ಎರವಲು ತಂದ ಕಾಗದಪತ್ರಗಳು, ಯೋಜನೆಗೆ ಹಣ ನಿಂತ ಮೇಲೆ, ಪೆಟ್ಟಿಗೆಗಳಲ್ಲೇ ಉಳಿದುಬಿಟ್ಟವು. ತರುಣನಾಗಿ ಆ ಕೆಲಸದಲ್ಲಿದ್ದ ಅಮಿನೊ, ದಶಕಗಳ ನಂತರ ಅವನ್ನು ಹೊತ್ತು ಮನೆಮನೆಗೆ ಹಿಂತಿರುಗಿಸುತ್ತ ಹೋದರು. ಬೈಗುಳವೇ ಕಾದಿದೆ ಎಂದುಕೊಂಡು ಹೋದರೆ, ಆದರ ಕಾದಿತ್ತು. 1999ರಲ್ಲಿ ಅದರ ಮೇಲೊಂದು ಪುಟ್ಟ ಪುಸ್ತಕ ಬರೆದರು.

ಆ ಓಡಾಟದಲ್ಲಿ ನೊಟೊ ಪರ್ಯಾಯ ದ್ವೀಪದ ತೊಕಿಕುನಿ ಮನೆತನವೂ ಇತ್ತು. ರೈತರೆಂದು ದಾಖಲಾದ ಆ ಮನೆಯವರು ಹಡಗಿನ ವ್ಯಾಪಾರಿಗಳೂ ಆಗಿದ್ದರೆಂದು ಆ ಕಾಗದಗಳಿಂದಲೇ ಗೊತ್ತಾದದ್ದು. 2024ರ ಜನವರಿ 1ರ ಭೂಕಂಪದಲ್ಲಿ ‘ಮೇಲಿನ ತೊಕಿಕುನಿ’ ಎಂದು ಕರೆಯುವ ಅವರ ಮನೆ ಕುಸಿದುಬಿತ್ತು, ಕಾಗದಗಳನ್ನು ಅವಶೇಷದಡಿಯಿಂದ ತೆಗೆದು ಉಳಿಸಿದರು. ಅದೇ ವರ್ಷದ ಏಪ್ರಿಲ್‌ನಲ್ಲಿ ಹಣಕಾಸು ಸಚಿವಾಲಯದ ಸಲಹಾ ಮಂಡಳಿಯಲ್ಲಿ, ಜನ ಕಡಿಮೆಯಾಗುತ್ತಿರುವ ನೊಟೊದಲ್ಲಿ ಮುಂದಿನ ನಿರ್ವಹಣೆಯ ಖರ್ಚನ್ನೂ ನೋಡಿಕೊಂಡು ಪುನರ್ನಿರ್ಮಾಣ ಮಾಡಬೇಕೆಂಬ ಮಾತು ಬಂತು. ಪ್ರಾಂತ್ಯದ ಗವರ್ನರ್ ಸಿಟ್ಟಾದರು. ಇನಾ ಹಳ್ಳಿಯವರಾಗಿದ್ದರೆ ಈ ವಿಷಯಕ್ಕೆ ಎರಡು ದಿನ ಏನೇನೂ ಸಾಲುತ್ತಿರಲಿಲ್ಲ.