ಫೋಟೊದ ಹಿಂಬದಿ

ನಮ್ಮಪ್ಪನದು ಅಂತ ಇದ್ದದ್ದು ಒಂದೇ ಒಂದು ಫೋಟೊ. 1984ರ ಏಪ್ರಿಲ್ 14ರಂದು ಹೋಬಳಿಯಲ್ಲಿ ನಡೆದ ಅಂಬೇಡ್ಕರ್ ಜಯಂತಿ ಮೆರವಣಿಗೆಯಲ್ಲಿ ಯಾರೋ ತೆಗೆದದ್ದು. ಕಪ್ಪು ಬಿಳುಪು. ನಾಲ್ಕು ಜನ ನಿಂತಿದ್ದಾರೆ. ಅಪ್ಪನ ಕೈಲಿ ಬಾವುಟ. ನೀಲಿ ಬಾವುಟ ಅಂತ ಅವ್ವ ಹೇಳ್ತಾಳೆ; ಫೋಟೊದಲ್ಲಿ ಅದು ಬೂದಿ ಬಣ್ಣ. ಯಾರ ಕಾಲಲ್ಲೂ ಚಪ್ಪಲಿ ಇಲ್ಲ. ಆದರೆ ನಾಲ್ಕೂ ಜನ ತಲೆ ಎತ್ತಿ ನಿಂತಿದ್ದಾರೆ. ಧಣಿಗಳ ಜಗಲಿ ಮುಂದೆ ತಲೆ ಎತ್ತದೆ ಬಾಳಿದ ಜನ ಅವರು. ಫೋಟೊದ ಹಿಂಬದಿ ಪೆನ್ಸಿಲ್‌ನಲ್ಲಿ ನಾಲ್ವರ ಹೆಸರು, ಊರು, ತಾರೀಖು ಇತ್ತು. ಸಂಘದ ಹುಡುಗನೊಬ್ಬ ಬರೆದದ್ದು. ಅಪ್ಪನಿಗೆ ಓದು ಬರ್ತಿರಲಿಲ್ಲ.

2016ರಲ್ಲಿ ನಾನು ಹೊಸ ಫೋನು ಕೊಂಡೆ. ಟ್ರಂಕಿನಿಂದ ಆ ಫೋಟೊ ತೆಗೆದು ಫೋನಿನಲ್ಲಿ ಹೊಡೆದುಕೊಂಡೆ. ಇನ್ನು ಇದಕ್ಕೆ ಸಾವಿಲ್ಲ ಅಂದುಕೊಂಡೆ. 2018ರ ಮಳೆಗೆ ಹೆಂಚು ಸೋರಿ ಟ್ರಂಕಿನೊಳಕ್ಕೆ ನೀರು ಹೋಯಿತು. ಫೋಟೊ ಮುದ್ದೆಯಾಯಿತು. ಫೋನಲ್ಲಿದೆಯಲ್ಲ ಅಂತ ನಾನು ಮರುಗಲೂ ಇಲ್ಲ. 2021ರಲ್ಲಿ ಆ ಫೋನೇ ಸತ್ತಿತು. ರಿಪೇರಿ ಹುಡುಗ ನೋಡಿ, "ಏನೂ ಬರಲ್ಲ ಮೇಷ್ಟ್ರೇ" ಅಂದ.

ಉಳಿದದ್ದು ತಂಗಿಗೆ ವಾಟ್ಸಾಪಿನಲ್ಲಿ ಕಳಿಸಿದ್ದ ಒಂದು ಪ್ರತಿ. ಹಾಗೆ ಕಳಿಸಿದ ಚಿತ್ರವನ್ನು ವಾಟ್ಸಾಪು ಹಿಂಡಿ ಸಣ್ಣದು ಮಾಡುತ್ತದೆ. ಚಿತ್ರದೊಳಗೆ ಅಡಗಿರುವ ತಾರೀಖಿನ ವಿವರವನ್ನೂ ಕಿತ್ತುಹಾಕುತ್ತದೆ. ದೊಡ್ಡದು ಮಾಡಿ ನೋಡಿದರೆ ಮುಖಗಳು ಕಲಸಿಹೋಗುತ್ತವೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದು. ನಾನು ಮುಂಬದಿಯನ್ನಷ್ಟೇ ಹೊಡೆದಿದ್ದೆ. ಹಿಂಬದಿಯನ್ನು ಹೊಡೆದಿರಲಿಲ್ಲ.

ಅವ್ವನ ಕಣ್ಣ ಹತ್ತಿರ ಹಿಡಿದೆ. "ಇದು ನಿಮ್ಮಪ್ಪ. ಇದು ನಿಮ್ ಸೋದರಮಾವ. ಇವ್ರಿಬ್ರು ಯಾರೋ ಆಚೆ ಊರ್ನೋರು ಕಣ್ಲಾ. ಹಿಂದ್ಗಡೆ ಬರ್ದಿತ್ತಲ್ಲ?" ಅಂದಳು. ಬರೆದಿತ್ತು. ಓದು ಬಾರದ ಅಪ್ಪ ಜೋಪಾನ ಮಾಡಿದ್ದನ್ನು ಓದು ಕಲಿತ ಮಗ ಕಳೆದ.

ಗೆಳೆಯರೇ, ಇದು ನನ್ನೊಬ್ಬನ ಮನೆ ಕತೆ ಅಲ್ಲ. ನಮ್ಮ ಜನರ ಹೆಸರು ಯಾವ ಕಾಗದದಲ್ಲಿತ್ತು? ಸಾಹುಕಾರನ ಸಾಲದ ಚೀಟಿಯಲ್ಲಿ, ಜೀತದ ಪತ್ರದಲ್ಲಿ, ಠಾಣೆಯ ಕಡತದಲ್ಲಿ. ಎಲ್ಲ ಬೇರೆಯವರು ಬರೆದದ್ದು. ನಮ್ಮದು ಬರೀ ಹೆಬ್ಬೆಟ್ಟು. ಈಗ ಕೇರಿಯ ಮನೆಮನೆಯಲ್ಲಿ ಕ್ಯಾಮರಾ ಇದೆ. ಒಂದು ಧರಣಿಗೆ ಸಾವಿರ ಚಿತ್ರ ತೆಗೀತೀವಿ. ಐದು ವರ್ಷ ಬಿಟ್ಟು ಹುಡುಕಿದರೆ ಒಂದೂ ಸಿಗಲ್ಲ.

ಬಾಬಾಸಾಹೇಬರು ತೀರಿಕೊಂಡದ್ದು 1956ರಲ್ಲಿ. ಅವರ 'ರಿಡಲ್ಸ್ ಇನ್ ಹಿಂದೂಯಿಸಂ' ಕರಡು ಮಹಾರಾಷ್ಟ್ರ ಸರ್ಕಾರದ ಸಂಪುಟವಾಗಿ ಅಚ್ಚಾದದ್ದು 1987ರಲ್ಲಿ. ಮೂವತ್ತೊಂದು ವರ್ಷ ಆ ಕಾಗದ ಕಾದಿತ್ತು. ಅಷ್ಟು ವರ್ಷ ಮೂಲೆಯಲ್ಲಿಟ್ಟ ಹಾರ್ಡ್‌ಡಿಸ್ಕು ತೆರೆದುಕೊಳ್ಳುತ್ತದೆ ಅನ್ನುವ ಭರವಸೆ ಇಲ್ಲ. ಬರೆದ ಸೀಡಿಯ ಬಣ್ಣ ಮಾಸುತ್ತದೆ. ಪೆನ್‌ಡ್ರೈವಿನಲ್ಲಿ ಕೂಡಿಟ್ಟ ವಿದ್ಯುತ್ತು ನಿಧಾನಕ್ಕೆ ಸೋರುತ್ತದೆ. ಕಂಪನಿಯ ಅಟ್ಟದಲ್ಲಿಟ್ಟರೆ ಅಟ್ಟ ಅವರದು: ಆರ್ಕುಟ್ 2014ರಲ್ಲಿ ಬಾಗಿಲು ಹಾಕಿತು, ಎರಡು ವರ್ಷ ಮುಟ್ಟದೆ ಬಿಟ್ಟ ಖಾತೆಗಳನ್ನು ಗೂಗಲ್ 2023ರ ಡಿಸೆಂಬರಿನಿಂದ ಅಳಿಸತೊಡಗಿತು.

ಹೋದ ಬೇಸಿಗೆ ರಜೆಯಲ್ಲಿ ಕೇರಿಯ ಇಬ್ಬರು ಕಾಲೇಜು ಹುಡುಗಿಯರ ಜೊತೆ ಕೂತೆ. ಮೊದಲು ಎಲ್ಲರ ಫೋನಿನ ಚಿತ್ರಗಳನ್ನು ಒಂದು ಕಂಪ್ಯೂಟರಿಗೆ ತಂದೆವು. ಗುಡ್ ಮಾರ್ನಿಂಗ್ ಹೂವುಗಳನ್ನೂ ಒಂದೇ ಚಿತ್ರದ ಹತ್ತು ನಕಲುಗಳನ್ನೂ ತೆಗೆದುಹಾಕಿದಾಗ ಕಾಲು ಭಾಗವೂ ಉಳಿಯಲಿಲ್ಲ. ಕೇರಿಯ ಹಳೆ ಫೋಟೊಗಳನ್ನು ತಾಲ್ಲೂಕಿನ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿದೆವು. ಇಂಚಿಗೆ 600 ಚುಕ್ಕಿ, ಹಿಂದೂ ಮುಂದೂ ಎರಡೂ ಬದಿ. ವಾಟ್ಸಾಪಿನಲ್ಲಿ ಕಳಿಸಲೇಬೇಕಾದರೆ ಚಿತ್ರವಾಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ. ಆಗ ಹಿಂಡುವುದಿಲ್ಲ.

ಆಮೇಲೆ ಹೆಸರಿಡುವ ಕೆಲಸ. 1984-04-14 ಅಂತ ಮೊದಲು ವರ್ಷ, ಆಮೇಲೆ ತಿಂಗಳು, ದಿನ. ಆಗ ಕಂಪ್ಯೂಟರು ತಾನಾಗಿಯೇ ಕಾಲದ ಸಾಲಿನಲ್ಲಿ ಜೋಡಿಸುತ್ತದೆ. ಅದರ ಮುಂದೆ ಊರು, ಸಂದರ್ಭ. ಎಡದಿಂದ ಬಲಕ್ಕೆ ಯಾರ್ಯಾರು ಅನ್ನುವುದು ಬೇರೆ ಪಟ್ಟಿಯಲ್ಲಿ.

ಸಂಘದ 2002ರ ಕರಪತ್ರಗಳ ಸೀಡಿ ಸಿಕ್ಕಿತು. ತೆರೆದರೆ ಕನ್ನಡವೇ ಇಲ್ಲ! ಇಂಗ್ಲಿಷ್ ಅಕ್ಷರ, ಕೊಂಬು, ಚುಕ್ಕಿಗಳ ಕಲಸುಮೇಲೋಗರ. ನುಡಿ, ಬರಹದ ಹಳೆ ಫಾಂಟುಗಳಲ್ಲಿ ಬೆರಳಚ್ಚಿಸಿದ್ದನ್ನು ಆ ಫಾಂಟು ಇಲ್ಲದ ಕಂಪ್ಯೂಟರು ಓದಲಾರದು. ಪರಿವರ್ತಕದಿಂದ ಯೂನಿಕೋಡಿಗೆ ತಂದೆವು. ಒತ್ತು ತಪ್ಪಿದ್ದನ್ನು ಹುಡುಗಿಯರು ಕೂತು ತಿದ್ದಿದರು. ನಿಮ್ಮ ಹತ್ತಿರ ಅಂಥ ಕಡತ ಇದ್ದರೆ ಈಗಲೇ ತನ್ನಿ.

ಕೊನೆಗೆ ಮೂರು ಪ್ರತಿ. ಒಂದು ಕಂಪ್ಯೂಟರಿನಲ್ಲಿ, ಒಂದು ಬೇರೆ ಊರಿನ ಗೆಳೆಯನ ಮನೆಯ ಹಾರ್ಡ್‌ಡಿಸ್ಕಿನಲ್ಲಿ, ಒಂದು ಅಂತರ್ಜಾಲದಲ್ಲಿ. ಒಂದೇ ಮಳೆಗೆ, ಒಂದೇ ಬೆಂಕಿಗೆ ಮೂರೂ ಹೋಗಬಾರದು. ಬಹಳ ಮುಖ್ಯ ಅನಿಸಿದ ಚಿತ್ರಗಳನ್ನು ಕಾಗದದ ಮೇಲೂ ಹಾಕಿಸಿ, ಹಿಂದೆ ಪೆನ್ಸಿಲ್‌ನಲ್ಲಿ ಹೆಸರು ಬರೆದೆವು. ಇನ್ನು ಪ್ರತಿ ಏಪ್ರಿಲ್ 14ಕ್ಕೆ ಹಾರ ಹಾಕುವ ಮುಂಚೆ ಡಿಸ್ಕು ತೆರೆದು ನೋಡುವುದು, ಹಳತಾದರೆ ಹೊಸದಕ್ಕೆ ದಾಟಿಸುವುದು ಅಂತ ಗೊತ್ತುಮಾಡಿಕೊಂಡಿದ್ದೇವೆ.

ಅಪ್ಪನ ಫೋಟೊದ ಪಟ್ಟಿಯಲ್ಲಿ ಎರಡು ಹೆಸರಿವೆ. ಮೂರನೆಯವರ ಮುಂದೆ, ನಾಲ್ಕನೆಯವರ ಮುಂದೆ "ಕೇಳಬೇಕು" ಅಂತ ಬರೆದಿದ್ದೇನೆ. ಅವ್ವನಿಗೆ ಓದಿ ಹೇಳಿದೆ. "ಕೇಳೋದಾದ್ರೆ ಬಿರ್ನೆ ಕೇಳ್ಲಾ. ಗೊತ್ತಿರೋರೆಲ್ಲ ಒಬ್ಬೊಬ್ರಾಗಿ ಹೋಯ್ತಾವ್ರೆ" ಅಂದಳು.

ಈ ಭಾನುವಾರ ಆ ಮಸುಕು ಫೋಟೊ ಹಿಡಿದು ಆಚೆ ಊರಿಗೆ ಹೊರಟಿದ್ದೇನೆ. ನೀವೂ ನಿಮ್ಮ ಮನೆಯ ಟ್ರಂಕು ತೆಗೆಯಿರಿ.